ಪೆನ್ನು ಯಾರ ಕೈಯಲ್ಲಿತ್ತು? ಮಗಳ ಗಣಿತಕ್ಕೆ ಟ್ಯೂಶನ್ ಹುಡುಕಿದ ನನ್ನ ಅನುಭವ

2023ರ ದೀಪಾವಳಿಗೆ ಸ್ವಲ್ಪ ಮೊದಲು, ಹನ್ನೊಂದನೇ ಕ್ಲಾಸಿನಲ್ಲಿದ್ದ ಮಗಳ ಯೂನಿಟ್ ಟೆಸ್ಟ್ ಪೇಪರ್ ನನ್ನ ಕೈಗೆ ಸಿಕ್ಕಿತು. ಅವಳು ಕೊಟ್ಟಿದ್ದಲ್ಲ. ಫ್ರಿಜ್ ಮೇಲೆ ಲೈಟ್ ಬಿಲ್ ಹುಡುಕುವಾಗ ಅದರಡಿಯಲ್ಲಿ ಮಡಚಿಟ್ಟಿದ್ದು ಸಿಕ್ಕಿತು. ಗಣಿತ, 25ಕ್ಕೆ 6. ಹತ್ತನೇ ಕ್ಲಾಸಿನಲ್ಲಿ ಇದೇ ಹುಡುಗಿ ಗಣಿತದಲ್ಲಿ 93 ತಂದಿದ್ದಳು. ಬಿಲ್ಡಿಂಗಿನವರಿಗೆಲ್ಲ ಪೇಡೆ ಹಂಚಿದ್ದೆವು.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನನ್ನ ಕೆಲಸ ಮುಂಬೈಯ ಫೋರ್ಟಿನ ಒಂದು ಆಫೀಸಿನಲ್ಲಿ, ಲೆಕ್ಕಪತ್ರ ನೋಡುವುದು. ಇಡೀ ದಿನ ಲೆಕ್ಕ ಮಾಡುವವನು ಮಗಳಿಗೆ ನಾನೇ ಹೇಳಿಕೊಡಬಹುದು ಅಂದುಕೊಂಡು ಪುಸ್ತಕ ತೆರೆದೆ. ಎರಡು ಪುಟ ಹಾಗೇ ಹೋಯಿತು, ಅಂಕಿ ಅನ್ನೋದೇ ಕಾಣಲಿಲ್ಲ. ಬರೀ ಥೀಟಾ, ಆಲ್ಫಾ. ಸುಮ್ನೆ ಮುಚ್ಚಿಟ್ಟೆ.

ನ್ಯೂಜೆರ್ಸಿಯಲ್ಲಿರುವ ಭಾವನಿಗೆ ಫೋನ್ ಮಾಡಿದಾಗ, "ಅದಾ? ಇಲ್ಲಿ ಅದಕ್ಕೆ ಪ್ರಿಕ್ಯಾಲ್ಕುಲಸ್ ಅಂತಾರೆ, ನನ್ನ ಮಗನೂ ಅದರಲ್ಲೇ ಒದ್ದಾಡ್ತಿದ್ದಾನೆ" ಅಂದ. ಕ್ಯಾಲ್ಕುಲಸ್ ಶುರುವಾಗುವ ಮೊದಲು ಬೇಕಾಗುವ ತಯಾರಿ ಅದು. ಫಂಕ್ಷನ್, ತ್ರಿಕೋನಮಿತಿ, ಕಾಂಪ್ಲೆಕ್ಸ್ ಸಂಖ್ಯೆ, ಶ್ರೇಣಿ, ಶಂಕುಜಗಳು. ನಮ್ಮಲ್ಲಿ ಆ ಹೆಸರಿನ ವಿಷಯ ಇಲ್ಲ. ಮಹಾರಾಷ್ಟ್ರ ಬೋರ್ಡಿನಲ್ಲಿ ಇವೆಲ್ಲ ಹನ್ನೊಂದನೇ ಕ್ಲಾಸಿನ ಗಣಿತದ ಎರಡು ಭಾಗಗಳಲ್ಲಿ ಹಂಚಿಹೋಗಿವೆ. ಎರಡನೇ ಭಾಗದ ಕೊನೆಗೆ ಲಿಮಿಟ್, ಡಿಫರೆನ್ಸಿಯೇಶನ್ ಬರುತ್ತವೆ. ಅಲ್ಲಿಗೆ ಕ್ಯಾಲ್ಕುಲಸ್ ಬಾಗಿಲು ತೆರೆದ ಹಾಗೆ.

ಇದರ ಪಾಡೇನೆಂದರೆ, ಹನ್ನೊಂದನೇದರ ಪರೀಕ್ಷೆ ಕಾಲೇಜೇ ಮಾಡಿಕೊಳ್ಳುತ್ತದೆ, ಬೋರ್ಡ್ ಪರೀಕ್ಷೆ ಹನ್ನೆರಡನೇದಕ್ಕೆ ಮಾತ್ರ. ಎಂಜಿನಿಯರಿಂಗ್ ಸಿಇಟಿಯಲ್ಲೂ ಗಣಿತದ 50 ಪ್ರಶ್ನೆಗಳಲ್ಲಿ ಹನ್ನೊಂದನೇದರಿಂದ ಸುಮಾರು 10 ಬಂದರೆ ಹೆಚ್ಚು. ಹಾಗಾಗಿ ಹನ್ನೊಂದನೇದನ್ನು ಯಾರೂ ಮನಸ್ಸಿಟ್ಟು ಮಾಡಿಸುವುದಿಲ್ಲ. ಹನ್ನೆರಡಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಸ್ಟೇಶನ್ ಅದು, ಫಾಸ್ಟ್ ಲೋಕಲ್ ಅಲ್ಲಿ ನಿಲ್ಲುವುದಿಲ್ಲ. ನಾನು ಮಗಳನ್ನು ಸೇರಿಸಿದ್ದೂ ಅಂಥದೇ ಒಂದು ಕೋಚಿಂಗ್ ಕ್ಲಾಸಿಗೆ. ಜೂನ್‌ನಲ್ಲೇ ಇಡೀ ವರ್ಷದ ದುಡ್ಡು ಕಟ್ಟಿದ್ದೆ. ಏಸಿ ಹಾಲ್, ಎಂಬತ್ತು ಮಕ್ಕಳು, ಮೈಕ್. ತ್ರಿಕೋನಮಿತಿಯ ಎರಡು ಅಧ್ಯಾಯ ಎಂಟು ದಿನದಲ್ಲಿ ಮುಗಿಸಿದ್ದರಂತೆ. ದುಡ್ಡು ವಾಪಸ್ ಕೇಳಿದ್ದಕ್ಕೆ ಕೌಂಟರಿನ ಹುಡುಗ, "ರಸೀದಿಯ ಹಿಂದೆ ಓದಿ ಸರ್" ಅಂದ. ನಡುವೆ ಬಿಟ್ಟವರಿಗೆ ಉಳಿದ ಅವಧಿಯ ದುಡ್ಡನ್ನು ಹತ್ತು ದಿನದಲ್ಲಿ ವಾಪಸ್ ಕೊಡಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದದ್ದು 2024ರ ಜನವರಿಯಲ್ಲಿ. ಅಷ್ಟರೊಳಗೆ ನಾನು ಆ ದುಡ್ಡಿಗೆ ನೀರು ಬಿಟ್ಟಾಗಿತ್ತು.

ಮನೆಗೆ ಬಂದು ಒಬ್ಬಳಿಗೇ ಹೇಳಿಕೊಡುವವರು ಬೇಕು ಅಂತ ತೀರ್ಮಾನಿಸಿದೆವು. ದಿನಾ ಒಂದೇ ಲೋಕಲ್‌ನಲ್ಲಿ ಹೋಗುವ ನನ್ನ ಟ್ರೇನ್ ಗ್ರೂಪಿನಲ್ಲಿ ವಿಷಯ ಎತ್ತಿದೆ. ಥಾಣೆ ಬರುವಷ್ಟರಲ್ಲಿ ಐದು ನಂಬರ್ ಸಿಕ್ಕವು. ಎಲ್ಲರಿಗೂ ನಾನು ಕೇಳಿದ ಮೊದಲ ಪ್ರಶ್ನೆ, "ಸಿಲಬಸ್ ಎಷ್ಟು ದಿನದಲ್ಲಿ ಮುಗಿಸ್ತೀರಿ?" ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಬೇಗ ಮುಗಿಸಿದ್ದರಿಂದಲೇ ಅಲ್ವಾ ಈ ಗತಿ ಬಂದದ್ದು!

ನನ್ನ ಎರಡನೇ ಹಟ, ಕನ್ನಡದವರೇ ಬೇಕು ಅನ್ನೋದು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾದ ಒಬ್ಬ ನಿವೃತ್ತ ಮೇಷ್ಟ್ರು ಒಪ್ಪಿಕೊಂಡರು. ಧಾರವಾಡದ ಕಡೆಯವರು, ಮಾತು ಕೇಳುತ್ತಾ ಕೂರಬೇಕು ಅನಿಸುವಂಥವರು. ಗಂಟೆಗೆ 600 ರೂಪಾಯಿ. ಮೊದಲ ದಿನ ನಾನು ಅಡುಗೆಮನೆಯಲ್ಲಿ ಕಾಫಿ ಮಾಡುತ್ತಾ ಕಿವಿ ಇಟ್ಟಿದ್ದೆ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹದಿನಾಲ್ಕು ಲೆಕ್ಕ ಬಿಡಿಸಿದರು. ಮಗಳು ಹದಿನಾಲ್ಕನ್ನೂ ಕಾಪಿ ಮಾಡಿಕೊಂಡಳು. ಆಮೇಲೆ ನನ್ನ ಜೊತೆ ಮುಕ್ಕಾಲು ಗಂಟೆ ಊರ ಸುದ್ದಿ. ನನಗೆ ಖುಷಿ, ಅವಳಿಗೆ ನಿದ್ದೆ. ಮಾರನೇ ದಿನ ಆ ಹದಿನಾಲ್ಕರಲ್ಲೇ ಒಂದನ್ನು ಪುಸ್ತಕ ನೋಡದೆ ಮಾಡು ಅಂದೆ. ಎರಡನೇ ಸಾಲಿಗೆ ನಿಂತಳು.

ಅಲ್ಲಿಂದ ನನ್ನ ಅಕೌಂಟ್ಸ್ ಬುದ್ಧಿ ಎಚ್ಚರವಾಯಿತು. ಯಾರೇ ಟ್ರಯಲ್‌ಗೆ ಬರಲಿ, ಗಂಟೆಯಲ್ಲಿ ಪೆನ್ನು ಯಾರ ಕೈಯಲ್ಲಿ ಎಷ್ಟು ನಿಮಿಷ ಇತ್ತು ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಡತೊಡಗಿದೆ. ಟ್ರಯಲ್‌ಗೂ ದುಡ್ಡು ಕೊಡುತ್ತಿದ್ದೆ. ಪುಕ್ಕಟೆ ಮಾಡಿಸಿಕೊಂಡರೆ ಬೇಡ ಅನ್ನೋದಕ್ಕೆ ನಮಗೇ ಸಂಕೋಚ.

ಎರಡನೆಯವನು ದೊಡ್ಡ ಕಾಲೇಜಿನಿಂದ ಎಂಜಿನಿಯರಿಂಗ್ ಮುಗಿಸಿದ ಹುಡುಗ, ಗಂಟೆಗೆ 1200. ಬಹಳ ಚುರುಕು. ಲೆಕ್ಕ ಬಿಡಿಸುವುದೇ ಬೇಡ, ನಾಲ್ಕು ಆಪ್ಶನ್‌ಗಳಲ್ಲಿ ಒಂದೊಂದನ್ನೇ ಹಾಕಿ ನೋಡಿದರೆ ಉತ್ತರ ಸಿಗುತ್ತದೆ ಅನ್ನೋದು ಅವನ ದಾರಿ. ಗೊತ್ತಿದ್ದವರಿಗೆ ಆ ಟ್ರಿಕ್ ಚೆನ್ನ. ಗೊತ್ತಿಲ್ಲದವರಿಗೆ ಅದು ಲಾಟರಿ. ಪೆನ್ನು ಮಗಳ ಕೈಯಲ್ಲಿ ಇದ್ದದ್ದು ಏಳು ನಿಮಿಷ. ಮೂರನೇದು ಆನ್‌ಲೈನ್. ಮೇಡಂ ಒಳ್ಳೆಯವರೇ, ಆದರೆ ಮಗಳು ವಹಿಯಲ್ಲಿ ಏನು ಬರೆಯುತ್ತಿದ್ದಾಳೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ಅವಳು "ಹೂಂ, ಗೊತ್ತಾಯ್ತು" ಅಂದರೆ ಅವರು ಮುಂದೆ ಹೋಗುತ್ತಿದ್ದರು. ಅವಳಂತೂ ಎಲ್ಲದಕ್ಕೂ ಹೂಂ ಅನ್ನುವವಳು.

ನಾಲ್ಕನೆಯವರ ಸುದ್ದಿ ತಂದದ್ದು ನನ್ನ ಹೆಂಡತಿ. ಪಕ್ಕದ ಬಿಲ್ಡಿಂಗಿನಲ್ಲಿ ಸೀರೆಗೆ ಫಾಲ್ ಹಚ್ಚಿಕೊಡುವ ಒಬ್ಬರಿದ್ದಾರೆ, ಮರಾಠಿಯವರು. ಅವರ ಮಗಳು ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಗಣಿತದಲ್ಲೇ ಎಂಎಸ್ಸಿ ಮಾಡುತ್ತಿದ್ದಾಳಂತೆ. "ಅವಳೇ ಇನ್ನೂ ಓದ್ತಿದ್ದಾಳೆ, ಇವಳಿಗೇನು ಹೇಳ್ಕೊಡ್ತಾಳೆ?" ಅಂದೆ ನಾನು. "ನಿಮ್ಮ ಟ್ರೇನ್ ಗ್ರೂಪಿನ ಐದು ನಂಬರ್ ಏನಾಯ್ತು?" ಅಂದಳು ಅವಳು. ಫೋನ್ ಮಾಡಿದೆ.

ಆ ಹುಡುಗಿ ಫೀ ಹೇಳುವ ಮೊದಲೇ, "ಅಂಕಲ್, ಟೆಸ್ಟ್ ಪೇಪರಿನ ಫೋಟೋ ಕಳಿಸಿ. ಪ್ರಶ್ನೆಪತ್ರಿಕೆ ಬೇಡ, ಅವಳು ಬರೆದದ್ದು ಬೇಕು" ಅಂದಳು. ಅಲ್ಲಿಯವರೆಗೆ ಒಬ್ಬರೂ ಅದನ್ನು ಕೇಳಿರಲಿಲ್ಲ. ಎಲ್ಲರೂ ಎಷ್ಟು ಮಾರ್ಕ್ಸ್ ಅಂತ ಕೇಳಿದ್ದರು, ಯಾವ ಕಾಲೇಜು ಅಂತ ಕೇಳಿದ್ದರು. ತಪ್ಪು ಎಲ್ಲಿ ಆಯಿತು ಅಂತ ನೋಡಲು ಬಯಸಿದವಳು ಇವಳೊಬ್ಬಳೇ. ಗಂಟೆಗೆ 500, ವಾರಕ್ಕೆ ಮೂರು ದಿನ. ಇಲ್ಲಿಂದ ಮುಂದೆ ನಾನೂ ಬಹುವಚನ ಬಳಸುತ್ತೇನೆ. ವಯಸ್ಸಿನಲ್ಲಿ ಚಿಕ್ಕವರು, ಆದರೆ ಮಗಳಿಗೆ ಕಲಿಸಿದವರು.

ಮರಾಠಿಯಲ್ಲಿ ಅಕ್ಕನಿಗೆ ತಾಯಿ ಅನ್ನುತ್ತಾರೆ. ಮಗಳೂ ಹಾಗೇ ಕರೆಯತೊಡಗಿದಳು. ಊರಿಂದ ಬಂದಿದ್ದ ನನ್ನ ಅಮ್ಮನಿಗೆ ಗಾಬರಿ. "ತಾಯಿ ಬಂದ್ರು, ತಾಯಿ ಬಂದ್ರು ಅಂತದೆ ಮಗು, ಯಾರ ತಾಯಿ ಬಂದದ್ದು ಮಾರಾಯ?" ಅಂತ ನನ್ನನ್ನು ಕೇಳಿದರು. ಬಂದವರನ್ನು ನೋಡಿದ ಮೇಲೆ, "ಈ ತಾಯಿಗೆ ಇನ್ನೂ ಮದುವೆಯೇ ಆಗ್ಲಿಲ್ಲ ಕಾಣ್ತದೆ" ಅಂದರು. ಪಾಠ ಮನೆಯ ಹಾಲ್‌ನಲ್ಲೇ ನಡೆಯುತ್ತಿತ್ತು, ಅಮ್ಮ ಮೂಲೆಯಲ್ಲಿ ಹೂವಿನ ಬತ್ತಿ ಹೊಸೆಯುತ್ತಾ ಕೂರುತ್ತಿದ್ದರು.

ಮೊದಲ ದಿನ ತಾಯಿ ಒಂದು ಖಾಲಿ ಹಾಳೆ ಕೊಟ್ಟು ಹತ್ತು ಸಣ್ಣ ಲೆಕ್ಕ ಬರೆಸಿದರು. "ಇದೆಲ್ಲ ಎಂಟನೇ ಕ್ಲಾಸಿಂದು" ಅಂತ ಮಗಳಿಗೆ ಸಿಟ್ಟು. ಅದರಲ್ಲಿ ಒಂದು, ಎ ವರ್ಗ ಪ್ಲಸ್ ಬಿ ವರ್ಗ, ಅದರ ವರ್ಗಮೂಲ ಎಷ್ಟು? ಇವಳು ಎ ಪ್ಲಸ್ ಬಿ ಅಂತ ಬರೆದಿದ್ದಳು. ಟೆಸ್ಟ್ ಪೇಪರಿನ ತ್ರಿಕೋನಮಿತಿಯಲ್ಲಿ ಸೈನ್ (ಎ+ಬಿ) ಅಂದರೆ ಸೈನ್ ಎ ಪ್ಲಸ್ ಸೈನ್ ಬಿ ಅಂತ ಬರೆದಿದ್ದಳು. ತಾಯಿ ಎರಡನ್ನೂ ಪಕ್ಕಪಕ್ಕ ಇಟ್ಟರು. ರೋಗ ಒಂದೇ. ಎರಡು ಇಂಟು ಬ್ರಾಕೆಟ್ ಇದ್ದಾಗ ಒಳಗಿನ ಇಬ್ಬರಿಗೂ ಎರಡನ್ನು ಹಂಚಬಹುದು. ಇವಳು ಬ್ರಾಕೆಟ್ ಕಂಡಲ್ಲೆಲ್ಲ ಪ್ರಸಾದ ಹಂಚಿದ ಹಾಗೆ ಹಂಚುತ್ತಾ ಬಂದಿದ್ದಾಳೆ. ತೊಂದರೆ ಇದ್ದದ್ದು ತ್ರಿಕೋನಮಿತಿಯಲ್ಲಿ ಅಲ್ಲವೇ ಅಲ್ಲ, ಅದಕ್ಕಿಂತ ಮೂರು ವರ್ಷ ಹಿಂದೆ.

ತಪ್ಪು ಅಂತ ಅವರು ಹೇಳಲೇ ಇಲ್ಲ. ಕ್ಯಾಲ್ಕುಲೇಟರ್ ಕೊಟ್ಟು, "ಸೈನ್ 30 ನೋಡು, ಸೈನ್ 60 ನೋಡು, ಕೂಡಿಸು" ಅಂದರು. 0.5, 0.866. ಒಟ್ಟು 1.366. "ಈಗ ಸೈನ್ 90 ನೋಡು." ಬರೀ 1. ಆಮೇಲೆ ಇಬ್ಬರೂ ಸುಮ್ಮನೆ ಕೂತರು. ಎಷ್ಟು ಹೊತ್ತು ಅಂದರೆ, ಜಗಳವಾಯಿತೇನೋ ಅಂತ ಅಮ್ಮ ಬತ್ತಿ ಕೆಳಗಿಟ್ಟು ಕತ್ತೆತ್ತಿ ನೋಡಿದರು. ಕೊನೆಗೆ ಮಗಳೇ, "ಸೈನ್ ಒಂದಕ್ಕಿಂತ ಜಾಸ್ತಿ ಆಗೋದೇ ಇಲ್ಲ ಅಲ್ವಾ, ಹಾಗಾದ್ರೆ ನಾನು ಬರೆದದ್ದು ಹೇಗೆ ಸರಿಯಾಗತ್ತೆ?" ಅಂದಳು. ನಾನು ಗಡಿಯಾರ ನೋಡಿದೆ. ಪೆನ್ನು ಆ ಗಂಟೆಯಲ್ಲಿ ಐವತ್ತು ನಿಮಿಷ ಅವಳ ಕೈಯಲ್ಲೇ ಇತ್ತು.

ಆಮೇಲೆ ತಾಯಿ ಮಾಡಿದ್ದು ಒಂದು ವಿಚಿತ್ರ ಕೆಲಸ. ಪುಸ್ತಕದ ಕ್ರಮ ಬಿಟ್ಟರು. ತ್ರಿಕೋನಮಿತಿ ಮೊದಲ ಭಾಗದಲ್ಲಿದೆ, ಫಂಕ್ಷನ್ ಅಂದರೆ ಏನು ಅನ್ನುವ ಅಧ್ಯಾಯ ಎರಡನೇ ಭಾಗದಲ್ಲಿ ಬರುತ್ತದೆ. ಆದರೆ ಸೈನ್ ಒಂದು ಫಂಕ್ಷನ್ ಅಂತ ತಿಳಿಯದೆ ಸೈನ್ ಮಾಡುವುದು ಹೇಗೆ? ಅವರು ಫಂಕ್ಷನ್ ಮೊದಲು ತೆಗೆದುಕೊಂಡರು. ಉದಾಹರಣೆಗೆ ರಿಕ್ಷಾ ಮೀಟರ್. ಕಿಲೋಮೀಟರ್ ಒಳಗೆ ಹೋಗುತ್ತದೆ, ರೂಪಾಯಿ ಹೊರಗೆ ಬರುತ್ತದೆ. ಆಗ ಮುಂಬೈಯಲ್ಲಿ ಮೊದಲ ಒಂದೂವರೆ ಕಿಲೋಮೀಟರಿಗೆ ಮಿನಿಮಮ್ 23 ರೂಪಾಯಿ. ಒಂದೊಂದು ಕಿಲೋಮೀಟರಿನಂತೆ ಎರಡು ಸಲ ಹತ್ತಿದರೆ 46. ಒಂದೇ ಸಲ ಎರಡು ಕಿಲೋಮೀಟರ್ ಹೋದರೆ 31ರ ಆಸುಪಾಸು. ಹಂಚಿ ಕೂಡಿಸಿದರೆ ಮೋಸ ಹೋಗುವುದು ನಾವೇ. "ಡೊಂಬಿವಲಿಯಲ್ಲಿ ಮೀಟರ್ ಹಾಕೋ ರಿಕ್ಷಾ ಎಲ್ಲಿದೆ?" ಅಂದಳು ಮಗಳು. "ಮುಂಬೈಯ ಮುಲುಂಡ್ ಅಂದುಕೋ" ಅಂದರು ತಾಯಿ.

ಕೋನ ಅಳೆಯುವ ರೇಡಿಯನ್ ಕಲಿಸಿದ್ದು ಅವಲಕ್ಕಿ ಡಬ್ಬಿಯ ಮುಚ್ಚಳದಲ್ಲಿ. ನಡುವಿನಿಂದ ಅಂಚಿನವರೆಗೆ ಅಳೆದು, ಅಮ್ಮನ ಹತ್ತಿರವಿದ್ದ ದಾರವನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದರು. ಆ ದಾರವನ್ನು ಮುಚ್ಚಳದ ಅಂಚಿಗೆ ಅಂಟಿಸಿ, ಎರಡೂ ತುದಿಯಿಂದ ನಡುವಿಗೆ ಗೆರೆ ಎಳೆದರೆ ಆಗುವ ಕೋನವೇ ಒಂದು ರೇಡಿಯನ್. 57 ಡಿಗ್ರಿಗೆ ಚೂರು ಹೆಚ್ಚು. ಪೂರ್ತಿ ಸುತ್ತಿಗೆ ಅಂಥ ಆರು ದಾರ ಹಿಡಿಸಿ ಸ್ವಲ್ಪ ಜಾಗ ಉಳಿಯಿತು. ಪೂರ್ತಿ ಸುತ್ತು ಎರಡು ಪೈ ರೇಡಿಯನ್, ಅಂದರೆ 6.28, ಆ ಉಳಿದ ಜಾಗವೇ ಪಾಯಿಂಟ್ ಎರಡು ಎಂಟು. ಇಷ್ಟು ವರ್ಷ ಲೆಕ್ಕದಲ್ಲೇ ಬದುಕಿದ ನನಗೆ ಅದು ಗೊತ್ತಾದದ್ದು ಆ ದಿನ, ಅಡುಗೆಮನೆ ಬಾಗಿಲಲ್ಲಿ ನಿಂತುಕೊಂಡು. ಮುಚ್ಚಳದ ಮೇಲಿನ ಮಾರ್ಕರ್ ಗೆರೆ ಇನ್ನೂ ಹೋಗಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. ಅವರದೇ ಪರೀಕ್ಷೆ ಬಂದಾಗ ಎರಡು ವಾರ ಬರಲಿಲ್ಲ. ಪರ್ಮ್ಯುಟೇಶನ್ ಅಧ್ಯಾಯ ಅರ್ಧಕ್ಕೇ ನಿಂತಿತು, ಮಗಳಿಗೆ ಇವತ್ತಿಗೂ ಅದು ಕಷ್ಟವೇ. ಜನವರಿಯವರೆಗೆ ಮಾರ್ಕ್ಸ್ ಕೂಡ ಏರಲಿಲ್ಲ. ಎಂಟನೇ ಕ್ಲಾಸಿನ ಬೀಜಗಣಿತ ರಿಪೇರಿ ಮಾಡುವಾಗ ಹನ್ನೊಂದರ ಮಾರ್ಕ್ಸ್ ಎಲ್ಲಿಂದ ಬರಬೇಕು? ನನಗೆ ಒಳಗೊಳಗೇ ಚಡಪಡಿಕೆ. ಆದರೆ ನನ್ನದೇ ಪರೀಕ್ಷೆ ಒಂದಿತ್ತಲ್ಲ, ಹಿಂದಿನ ವಾರದ ಲೆಕ್ಕವನ್ನು ನೋಡದೆ ಮಾಡಿಸುವುದು. ಅದರಲ್ಲಿ ಅವಳು ನಿಲ್ಲುತ್ತಿರಲಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ದುಡ್ಡು ಮಾತ್ರ ತಿಂಗಳ ಕೊನೆಗೆ, ನಡೆದ ಗಂಟೆಗಳಿಗೆ ಅಷ್ಟೇ. ಅಡ್ವಾನ್ಸ್ ಅನ್ನೋದರ ಪಾಠ ನನಗೆ ಜೂನ್‌ನಲ್ಲೇ ಆಗಿತ್ತು.

ಏಪ್ರಿಲ್‌ನಲ್ಲಿ ಕಾಲೇಜಿನ ವಾರ್ಷಿಕ ಪರೀಕ್ಷೆಯಲ್ಲಿ 71 ಬಂತು. ಪೇಡೆ ಹಂಚಲಿಲ್ಲ, ಮನೆಯಲ್ಲೇ ಪಾಯಸ ಮಾಡಿ ಪಕ್ಕದ ಬಿಲ್ಡಿಂಗಿಗೂ ಒಂದು ಡಬ್ಬಿ ಕಳಿಸಿದೆವು.

ಹನ್ನೆರಡನೇದು ಶುರುವಾಗಿ ಒಂದು ತಿಂಗಳಾಗಿತ್ತು. ಒಂದು ಶನಿವಾರ ಪಾಠ ಮುಗಿಸಿ ಚಪ್ಪಲಿ ಹಾಕಿಕೊಳ್ಳುತ್ತಾ ತಾಯಿ, "ಅಂಕಲ್, ಇನ್ಮೇಲೆ ವಾರಕ್ಕೆ ಒಂದೇ ದಿನ ಸಾಕು" ಅಂದರು. ಬೇರೆ ಕಡೆ ಜಾಸ್ತಿ ಕೊಡುವವರು ಸಿಕ್ಕಿರಬೇಕು ಅಂದುಕೊಂಡು, "ಆರುನೂರು ಕೊಡ್ತೀನಿ" ಅಂದೆ. ಅವರು ನಕ್ಕು ಒಳಗೆ ಬೆರಳು ತೋರಿಸಿದರು. ಮಗಳು ಇನ್ನೂ ಎದ್ದಿರಲಿಲ್ಲ. ಅರ್ಧ ಬಿಡಿಸಿದ್ದ ಒಂದು ಲೆಕ್ಕದ ಮೇಲೆ ತಾನೇ ಗೀಟು ಹಾಕಿ, ಪುಟ ತಿರುಗಿಸಿ, ಮೊದಲಿಂದ ಬರೆಯುತ್ತಿದ್ದಳು.