ಬೀದರ್‌ನ ಕೆಂಪು ಕಲ್ಲಿಗೆ ಒಂದೇ ಪಿವಟ್ ಸಾಕು: ಸ್ಟೀಲ್ ಫುಲ್ ಸಸ್ಪೆನ್ಷನ್ ಫ್ರೇಮ್ ಕಟ್ಟಿದ ನನ್ನ ಅನುಭವ

ಕಲ್ಲು ಹಾದಿಗೆಂದು ನಾನೇ ಕಟ್ಟಿದ ಸೈಕಲ್ ಫ್ರೇಮ್ ಈಗಿನ ರೂಪದಲ್ಲಿ ಒಂದು ಪೂರ್ತಿ ಮಳೆಗಾಲ ದಾಟಿದೆ. ಮುಂದೆ ಹಿಂದೆ ಎರಡೂ ಕಡೆ ಹೊಡೆತ ನುಂಗುವ ಫುಲ್ ಸಸ್ಪೆನ್ಷನ್ ಇದು. ಹಿಂದಿನ ಚಕ್ರ ಹಿಡಿದ ಸ್ವಿಂಗ್ ಆರ್ಮ್ ಒಂದೇ ಕೀಲಿನ ಮೇಲೆ ಆಡುತ್ತದೆ, ಅದಕ್ಕೇ ಸಿಂಗಲ್ ಪಿವಟ್ ಎನ್ನುವುದು. ವೆಲ್ಡಿಂಗ್ ಎಲ್ಲೂ ಬಿಟ್ಟಿಲ್ಲ, ಪಿವಟ್ ಲೂಸ್ ಆಗಿಲ್ಲ, ಹಿಂದಿನ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿಲ್ಲ. "ಸಿಂಗಲ್ ಪಿವಟ್ ಹಳೇ ಕಾಲದ್ದು, ಅದೂ ಸ್ಟೀಲ್‌ನಾಗ ಮಾಡ್ತೀರೇನ್ರಿ?" ಎಂದು ಕೇಳಿದ ಗೆಳೆಯರೇ ಈಗ ಬೀದರ್ ಪಕ್ಕದ ಅಷ್ಟೂರಿನ ಕಡೆ ಇಳಿಯುವಾಗ "ಅಣ್ಣಾ, ಒಂದು ರೌಂಡ್ ಕೊಡ್ರಿ" ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನೇರ ಕೆಲಸಕ್ಕೆ ಬರುತ್ತೇನೆ.

ಮೊದಲು ನಮ್ಮ ನೆಲದ ಮಾತು. ಬೀದರ್ ಊರು ಇರುವುದೇ ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಅಂಚಿನಲ್ಲಿ ಇಳಿಯುವಾಗ ಚೌಕಾಕಾರದ ಮೆಟ್ಟಿಲಿನಂಥ ಕಲ್ಲು, ಅದರ ಮೇಲೆ ಸಡಿಲ ಮುರ್ರಂ. ಕೆಳಗೆ ಇಳಿದರೆ ಎರೆ ಮಣ್ಣು. ಬೇಸಿಗೆಯಲ್ಲಿ ಕೆಂಪು ಧೂಳು ಬೇರಿಂಗಿನೊಳಗೆ ಹೋಗುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣು ಟೈರಿಗೂ ಸ್ವಿಂಗ್ ಆರ್ಮಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ನನ್ನ ಹಿಂದಿನ ಸೈಕಲ್ ಹೈದರಾಬಾದ್‌ನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಅಲ್ಯೂಮಿನಿಯಂ, ನಾಲ್ಕು ಬಾರ್ ಲಿಂಕೇಜ್, ಅಂದರೆ ಹಿಂಭಾಗದಲ್ಲಿ ಹಲವು ಕೀಲು. ಒಳ್ಳೆಯ ಸೈಕಲ್, ಸುಳ್ಳು ಹೇಳಬಾರದು. ಆದರೆ ಪ್ರತಿ ಮಳೆಗಾಲ ಮುಗಿದ ಮೇಲೆ ಬೇರಿಂಗ್ ಸೆಟ್ ಪೂರ್ತಿ ಬದಲಿಸಬೇಕಿತ್ತು. ಆ ಸೈಜು ನಮ್ಮ ಊರಲ್ಲಿ ಸಿಗುವುದೇ ಇಲ್ಲ. ಎರಡು ಚಿಕ್ಕ ಲಿಂಕ್ ಇರುವ ವಿಪಿಪಿ, ಡಿಡಬ್ಲ್ಯೂ ಲಿಂಕ್ ಥರದ ಡಿಸೈನ್‌ಗಳಲ್ಲಿ ಕೆಳಗಿನ ಲಿಂಕ್ ಬಾಟಮ್ ಬ್ರಾಕೆಟ್ (ಪೆಡಲ್‌ನ ಆಕ್ಸಲ್ ಕೂರುವ ಜಾಗ) ಹತ್ತಿರವೇ, ಕೆಸರು ಬೀಳುವ ಜಾಗದಲ್ಲೇ ಇರುತ್ತದೆ. ಪೆಡಲ್ ತುಳಿಯಲು ಅವು ಚೆನ್ನ. ನಮ್ಮ ಎರೆ ಮಣ್ಣಿಗೆ ಆಗಿಬರುವುದಿಲ್ಲ.

ಹಿಂದಿನ ಆಕ್ಸಲ್ ಮುಂದೆ ಇನ್ನೊಂದು ಕೀಲು ಇರುವ ಹಾರ್ಸ್ಟ್ ಲಿಂಕ್ ಮಾಡು ಎಂದು ಕಲಬುರಗಿಯ ಗೆಳೆಯ ಬಹಳ ಒತ್ತಾಯ ಮಾಡಿದ. ಆ ಪೇಟೆಂಟುಗಳನ್ನು 1998ರಲ್ಲಿ ಸ್ಪೆಷಲೈಸ್ಡ್ ಸೈಕಲ್ ಕಂಪನಿ ಕೊಂಡಿತ್ತು. ಈಗ ಅವಧಿ ಮುಗಿದಿದೆ, ಯಾರು ಬೇಕಾದರೂ ಮಾಡಬಹುದು. ನಿಜ. ಆದರೆ ನನಗೆ ಬೇಕಿದ್ದದ್ದು ಕಡಿಮೆ ಕೀಲು. ಇಂಗ್ಲೆಂಡಿನಲ್ಲಿ ಆರೆಂಜ್ ಸೈಕಲ್ ಕಂಪನಿಯವರು ಅಲ್ಯೂಮಿನಿಯಂನಲ್ಲಿ, ಬ್ರಿಸ್ಟಲ್‌ನ ಸ್ಟಾರ್ಲಿಂಗ್‌ನವರು ಸ್ಟೀಲ್‌ನಲ್ಲಿ ಸಿಂಗಲ್ ಪಿವಟ್ ಮಾಡಿಕೊಂಡು ಬಂದವರು. ಅವರ ಊರಿನ ಕೆಸರು ನಮ್ಮದಕ್ಕಿಂತ ಕಡಿಮೆಯೇನಲ್ಲ. ಇನ್ನೊಂದು ಮಾತು. ಮುಂದೆ ಪೆಡಲ್ ಹತ್ತಿರ ಮೂರು ಚೈನ್‌ರಿಂಗ್ (ಹಲ್ಲಿನ ಚಕ್ರ) ಇದ್ದ ಕಾಲದಲ್ಲಿ ಚೈನಿನ ಎತ್ತರ ರಿಂಗಿಗೊಂದು, ಪಿವಟ್ ಎಲ್ಲಿಟ್ಟರೂ ಯಾವುದೋ ಒಂದು ಗೇರಿಗೆ ತೊಂದರೆ ಆಗುತ್ತಿತ್ತು. 2012ರಲ್ಲಿ ಸ್ರಾಮ್ ಕಂಪನಿಯ ಎಕ್ಸ್‌ಎಕ್ಸ್1 ಗೇರ್ ಸೆಟ್ ಬಂದ ಮೇಲೆ ಮುಂದೆ ಒಂದೇ ರಿಂಗ್ ಸಾಕಾಯಿತು. ಸಿಂಗಲ್ ಪಿವಟ್‌ಗೆ ಮತ್ತೆ ಜೀವ ಬಂದದ್ದು ಅದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಪಿವಟ್ ಜಾಗ: 32 ಹಲ್ಲಿನ ರಿಂಗಿನ ತ್ರಿಜ್ಯ ಸುಮಾರು 65 ಮಿಮೀ. ಬಾಟಮ್ ಬ್ರಾಕೆಟ್‌ನ ನಡುವಿನಿಂದ ಅಷ್ಟೇ ಎತ್ತರದ ಆಸುಪಾಸಿನಲ್ಲಿ, ಸ್ವಲ್ಪ ಮುಂದಕ್ಕೆ ಇಟ್ಟಿದ್ದೇನೆ. ಎಷ್ಟು ಮುಂದಕ್ಕೆ ಎಂಬುದು ನನ್ನ ಹತ್ತಿರವೇ ಇರಲಿ. ಲಿಂಕೇಜ್ ಸಾಫ್ಟ್‌ವೇರಿನಲ್ಲಿ ನೋಡಿ, ಆಮೇಲೆ ರಟ್ಟು ಕತ್ತರಿಸಿ ಪಿನ್ನು ಚುಚ್ಚಿ ನೋಡಿ, ರಾತ್ರಿಗಟ್ಟಲೆ ಕೂತು ಹಿಡಿದ ಅಳತೆ ಅದು. ಶಾಕ್ 210 ಬೈ 50, ಅಂದರೆ ಉದ್ದ 210 ಮಿಮೀ, ಕುಗ್ಗುವುದು 50. ಹಿಂದಿನ ಟ್ರಾವೆಲ್, ಅಂದರೆ ಚಕ್ರ ಮೇಲೇಳುವುದು, 130. ಎರಡನ್ನೂ ಭಾಗಿಸಿದರೆ ಸರಾಸರಿ ಲಿವರೇಜ್ ರೇಶಿಯೋ 2.6. ಸ್ಯಾಗ್, ಅಂದರೆ ಸವಾರ ಕೂತಾಗಲೇ ಶಾಕ್ ಕುಗ್ಗುವುದು, 15 ಮಿಮೀ. ಆ ರೇಶಿಯೋದ ಕರ್ವ್ ಹೆಚ್ಚುಕಡಿಮೆ ನೇರವಾಗಿದೆ, ಕೊನೆಗೆ ತಾನಾಗಿ ಬಿಗಿಯಾಗುವುದಿಲ್ಲ. ಕೊನೆಯ ಬಿಗಿಯನ್ನು ಏರ್ ಶಾಕೇ ಕೊಡುತ್ತದೆ, ಒಳಗೆ ಗಾಳಿಯ ಜಾಗ ಕಡಿಮೆ ಮಾಡುವ ಒಂದೆರಡು ಸ್ಪೇಸರ್ ಹಾಕಿದರೆ ಆಯಿತು. ಇದೇ ಫ್ರೇಮಿಗೆ ಕಾಯಿಲ್ (ಸ್ಪ್ರಿಂಗ್) ಶಾಕ್ ಹಾಕಿದರೆ ಟಪ್ ಅಂತ ತಳ ಮುಟ್ಟುತ್ತದೆ.

ಬೇರಿಂಗ್ ವಿಷಯದಲ್ಲಿ ಮಾತ್ರ ನನಗೆ ನಿಜಕ್ಕೂ ಹೆಮ್ಮೆ ಇದೆ. ಎಲ್ಲರೂ ಹಗುರ ಅಂತ 6902 ನಂಬರಿನ ಬೇರಿಂಗ್ ಹಾಕುತ್ತಾರೆ. ನಾನು ಹಾಕಿದ್ದು 6202. ಒಳಗೆ ಅದೇ 15 ಮಿಮೀ, ಹೊರಗೆ 35, ಅಗಲ 11. ಸೀಲಿಂಗ್ ಫ್ಯಾನ್ ರಿಪೇರಿ ಮಾಡುವ ಅಂಗಡಿಯಲ್ಲೂ ಸಿಗುತ್ತದೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಜೋಡಿಗೆ ಮುನ್ನೂರರ ಆಸುಪಾಸು. ಸೀಲಿನ ಹೊರಗೆ ನಾನು ಇನ್ನೊಂದು ಪದರ ಹಾಕಿದ್ದೇನೆ, ಅದನ್ನೂ ಇಲ್ಲಿ ಹೇಳುವುದಿಲ್ಲ. ಪಿವಟ್ ಆಕ್ಸಲ್ ಇಎನ್ 24 ಎಂಬ ಗಟ್ಟಿ ಸ್ಟೀಲಿನದು. ಬೀದರ್‌ನ ಕೋಳಾರ ಇಂಡಸ್ಟ್ರಿಯಲ್ ಏರಿಯಾದ ಲೇತ್ ಚಾಚಾ ತಿರುವಿಕೊಟ್ಟದ್ದು. "ಬೇಟಾ, ಇದು ಟ್ರಾಕ್ಟರ್‌ಗೂ ನಡೀತದ" ಎಂದು ಅವರೇ ಹೇಳಿದರು.

ಈಗ ಕೆಟ್ಟು ಹೋದದ್ದರ ಲೆಕ್ಕ. ದುಡ್ಡು ಹೋದದ್ದೆಲ್ಲ ಇಲ್ಲೇ.

ಮೊದಲ ಸಲ ಪಿವಟ್ ಶೆಲ್ಲನ್ನು (ಬೇರಿಂಗ್ ಕೂರುವ ಕೊಳವೆ) ಒಳಗಿನಿಂದ ಕೊರೆದು ಅಳತೆಗೆ ತಂದು, ಅಂದರೆ ಬೋರ್ ಮಾಡಿ, ಆಮೇಲೆ ವೆಲ್ಡ್ ಮಾಡಿಸಿದ್ದು. ಶಾಖಕ್ಕೆ ಶೆಲ್ ಎಳೆದುಕೊಂಡು ಮೊಟ್ಟೆಯಾಕಾರವಾಯಿತು. ಬೇರಿಂಗ್ ಕೂತಿತು, ಆದರೆ ತಿರುಗಲಿಲ್ಲ. ಈಗ ಕ್ರಮ ಉಲ್ಟಾ. ಗಾತ್ರ ಸ್ವಲ್ಪ ಕಡಿಮೆ ಇಟ್ಟು, ಪೂರ್ತಿ ವೆಲ್ಡ್ ಆದ ಮೇಲೆ ಫ್ರೇಮನ್ನೇ ಹೈದರಾಬಾದ್‌ನ ಬಾಲಾನಗರಕ್ಕೆ ಒಯ್ದು ಬೇರಿಂಗ್ ಕೂರುವ ಎರಡೂ ಸೀಟನ್ನು ಒಂದೇ ಸೆಟ್ಟಿಂಗ್‌ನಲ್ಲಿ ಬೋರ್ ಮಾಡಿಸಬೇಕು. ಸೆಟ್ಟಿಂಗ್ ಬದಲಿಸಿದರೆ ಎರಡು ಸೀಟು ಒಂದೇ ಗೆರೆಗೆ ಬರುವುದಿಲ್ಲ. ಮುಂದಿನ ಫೋರ್ಕ್ ಕೂರುವ ಹೆಡ್ ಟ್ಯೂಬ್‌ನದೂ ಇದೇ ಕಥೆ. ವೆಲ್ಡ್ ಮಾಡುವಾಗ ಒಳಗೆ ಗಟ್ಟಿ ಗನ್‌ಮೆಟಲ್ ಗುಂಡು ಇಟ್ಟರೆ ಶಾಖ ಅದು ಹೀರಿಕೊಳ್ಳುತ್ತದೆ.

ಎರಡನೇ ಹೊಡೆತ ಸ್ವಿಂಗ್ ಆರ್ಮ್. 4130 ಕ್ರೋಮೊಲಿ ಸ್ಟೀಲ್, ಟ್ಯೂಬಿನ ಗೋಡೆ 0.9 ಮಿಮೀ. ಶಾಕ್ ಮೌಂಟ್ ಹತ್ತಿರ, ವೆಲ್ಡಿನ ಮೇಲಲ್ಲ, ಅದರ ಪಕ್ಕದಲ್ಲಿ ಕೂದಲೆಳೆಯ ಬಿರುಕು. ಶಾಖ ತಗುಲಿದ ಅಂಚಿನಲ್ಲೇ ಸ್ಟೀಲ್ ಬಿಡುವುದು. ಈಗ ಅಲ್ಲಿ 1.2 ಮಿಮೀ ಟ್ಯೂಬ್ ಇದೆ. ಎರಡು ಬದಿಯನ್ನು ಜೋಡಿಸುವ ಅಡ್ಡ ಟ್ಯೂಬ್, ಅದಕ್ಕೆ ಉದ್ದನೆಯ ಗಸೆಟ್ (ಬಲಕ್ಕೆ ಹಾಕುವ ತಗಡು). ಆರ್ಗಾನ್ ವೆಲ್ಡಿಂಗ್, ಇಆರ್70ಎಸ್-2 ಫಿಲ್ಲರ್ ಕಡ್ಡಿ. ಗೇಟು ಗ್ರಿಲ್ಲು ಮಾಡುವವರ ಕೈಗೆ ತೆಳು ಟ್ಯೂಬ್ ಕೊಡಬೇಡಿ.

ಮೂರನೆಯದು ಶಾಕ್. ಸಿಂಗಲ್ ಪಿವಟ್‌ನಲ್ಲಿ ಸ್ವಿಂಗ್ ಆರ್ಮ್ ನೇರವಾಗಿ ಶಾಕನ್ನು ಒತ್ತುತ್ತದೆ, ನಡುವೆ ಲಿಂಕ್ ಇಲ್ಲ. ಆರ್ಮ್ ಸ್ವಲ್ಪ ತಿರುಚಿದರೂ ಆ ಅಡ್ಡ ಬಲ ಶಾಕಿನ ಶಾಫ್ಟ್ ಮೇಲೆ ಬೀಳುತ್ತದೆ. ಶಾಫ್ಟ್ ಗೀರಿ ಸೀಲ್ ಹೋಯಿತು. ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸಿದ್ದಕ್ಕೆ ಏಳೆಂಟು ಸಾವಿರ. ಆಮೇಲೆ ಒಂದು ತುದಿಗೆ ಎಲ್ಲ ಕಡೆ ವಾಲುವ ಸ್ಫೆರಿಕಲ್ ಬೇರಿಂಗ್ ಹಾಕಿದೆ. ಅಲ್ಲಿಗೆ ಆ ಕಾಟ ತಪ್ಪಿತು.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಟ್ಯೂಬ್, ಹೆಡ್ ಟ್ಯೂಬ್, ಬಾಟಮ್ ಬ್ರಾಕೆಟ್ ಶೆಲ್, ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್ ಎಲ್ಲ ಹೊರಗಿನಿಂದ ತರಿಸಿದ್ದು. ಕಸ್ಟಮ್ಸ್ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ. ಹಳೇ ಶಾಕ್ ಹದಿನಾಲ್ಕು. ಲೇತ್ ಮತ್ತು ಬೋರಿಂಗ್ ಒಂಬತ್ತು, ಆರ್ಗಾನ್ ಆರು, ಪೌಡರ್ ಕೋಟಿಂಗ್, ಬೇರಿಂಗ್, ಚಿಲ್ಲರೆ ಸೇರಿ ಮೂರೂವರೆ. ಹಾಳಾದ ಆರ್ಮ್, ಶಾಕ್ ರಿಪೇರಿ, ಓಡಾಟ ಕೂಡಿಸಿದರೆ ಎಪ್ಪತ್ತೈದು ಸಾವಿರ ಮುಟ್ಟಿದೆ. ಮನೆಯಲ್ಲಿ "ಈ ದುಡ್ಡಿಗೆ ಹಳೇ ಬೈಕೇ ಬರ್ತಿತ್ತಲ್ರಿ" ಎಂದರು. ಆದರೆ ಇಂಥ ಫ್ರೇಮ್ ಹೊರಗಿನಿಂದ ತರಿಸಿದರೆ ಇದರ ಎರಡು ಪಟ್ಟಿಗಿಂತ ಜಾಸ್ತಿ. ಇನ್ನೊಂದು ಮಾಡಿದರೆ ಐವತ್ತರೊಳಗೆ ಮುಗಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೇರಿಂಗ್ ಬದಲು ಗನ್‌ಮೆಟಲ್ ಬುಷ್ ಹಾಕಿ ನೋಡಿದೆ. ಅಗ್ಗ, ಗಟ್ಟಿ. ಆದರೆ ಸಣ್ಣ ಕಲ್ಲಿಗೆ ಹಿಂಭಾಗ ಅಲುಗಲೇ ಇಲ್ಲ, ಮುರ್ರಂ ಧೂಳು ಸೇರಿದ ಮೇಲಂತೂ ಇನ್ನೂ ಬಿಗಿ. ಹೈ ಪಿವಟ್ ಈಗ ಎಲ್ಲರ ಬಾಯಲ್ಲಿದೆ, ಅಲ್ವಾ? ಮುರಿದ ಆರ್ಮಿಗೆ ತೇಪೆ ಹಾಕಿ, ಪಿವಟ್ ಮೇಲೇರಿಸಿ, ಚೈನನ್ನು ಮೇಲೆತ್ತಿ ಹಿಡಿಯುವ ಐಡ್ಲರ್ ಪುಲ್ಲಿ ಕೂರಿಸಿ ಓಡಿಸಿದೆ. ಚೌಕ ಕಲ್ಲಿನ ಮೇಲೆ ಅದ್ಭುತ, ಚಕ್ರ ಹಿಂದಕ್ಕೆ ಸರಿದು ಹೊಡೆತ ನುಂಗುತ್ತದೆ. ಆದರೆ ಧೂಳಿಗೆ ಐಡ್ಲರ್ ಕಿರ್ ಕಿರ್ ಅನ್ನುತ್ತಲೇ ಇತ್ತು, ಏರು ಹತ್ತುವಾಗ ಕಾಲಿಗೆ ಭಾರ. ಬ್ರೇಕ್ ಹಿಡಿದಾಗ ಸಿಂಗಲ್ ಪಿವಟ್ ಬಿಗಿಯಾಗುತ್ತದೆ ಎಂದು ಬ್ರೇಕಿನ ಬಲ ಸ್ವಿಂಗ್ ಆರ್ಮ್ ಮೇಲೆ ಬೀಳದಂತೆ ಬೇರೆ ಪಟ್ಟಿಯಿಂದ ಫ್ರೇಮಿಗೆ ಹಿಡಿಯುವ ಫ್ಲೋಟಿಂಗ್ ಬ್ರೇಕ್ ಕೂಡ ಕಟ್ಟಿದೆ. ತುದಿಗೆ ಎರಡು ರಾಡ್ ಎಂಡ್ ಕೀಲು, ಒಂದು ಪಟ್ಟಿ. ಬರೀ ಸದ್ದು. ತೆಗೆದುಹಾಕಿದೆ. ಬ್ರೇಕ್ ಹಾಕಿದಾಗ ಹಿಂಭಾಗ ಕೆಳಗೆ ಕೂರುವುದು ಇಳಿಜಾರಿನಲ್ಲಿ ಒಳ್ಳೆಯದೇ. ಮುಂದಿನ ಫೋರ್ಕ್ ಅದುಮಿದರೂ ಸೈಕಲ್ ಮುಗ್ಗರಿಸುವುದಿಲ್ಲ.

ವೆಲ್ಡ್ ಮಾಡುವಾಗ ಟ್ಯೂಬುಗಳನ್ನು ನೇರಕ್ಕೆ ಹಿಡಿಯುವ ಜಿಗ್ ಬಗ್ಗೆ ಬಹಳ ಜನ ಕೇಳುತ್ತಾರೆ. ಶಹಾಬಾದ್ ಪರಸಿ ನಮ್ಮ ಕಡೆ ಅಗ್ಗ, ಆದರೆ ಅದರ ಮೈ ಅಷ್ಟು ಸಮ ಇರುವುದಿಲ್ಲ. ಅಡುಗೆ ಕಟ್ಟೆಗೆ ಹಾಕುವ ಪಾಲಿಶ್ ಗ್ರಾನೈಟ್ ತುಂಡು ತಂದು, ಸ್ಟ್ರೇಟ್ ಎಡ್ಜ್ ಇಟ್ಟು ಪರೀಕ್ಷೆ ಮಾಡಿ, ಅದರ ಮೇಲೆ ಕಟ್ಟಿದೆ. ಹಿಂದಿನ ಆಕ್ಸಲ್ ನಡುಗೆರೆಯಿಂದ ಒಂದು ಮಿಲಿಮೀಟರಿನೊಳಗೇ ಇದೆ.

ಕೊನೆಯ ಅಳತೆ: ಹೆಡ್ ಆಂಗಲ್ (ಹೆಡ್ ಟ್ಯೂಬಿನ ಓರೆ) 65.5 ಡಿಗ್ರಿ, ಚೈನ್ ಸ್ಟೇ (ಬಾಟಮ್ ಬ್ರಾಕೆಟ್‌ನಿಂದ ಹಿಂದಿನ ಆಕ್ಸಲ್‌ವರೆಗೆ) 440 ಮಿಮೀ ಹತ್ತಿರ, ಹಿಂದಿನ ಹಬ್ 148 ಮಿಮೀ ಅಗಲದ ಬೂಸ್ಟ್, ಬಾಟಮ್ ಬ್ರಾಕೆಟ್ 73 ಮಿಮೀ, ಥ್ರೆಡ್ ಇರುವುದು. ತೂಕ ಶಾಕ್ ಬಿಟ್ಟು ನಾಲ್ಕು ಕೆಜಿ ಮೇಲೆ ಸ್ವಲ್ಪ. ಅದು ಜಾಸ್ತಿಯೇ. ವಿಕಾರಾಬಾದ್‌ನ ಅನಂತಗಿರಿಯಲ್ಲಿ ಕಾರ್ಬನ್ ಸೈಕಲ್‌ನವರು ಏರಿನಲ್ಲಿ ನನ್ನನ್ನು ದಾಟಿ ಹೋದರು, ಇಳಿಜಾರಿನಲ್ಲಿ ಮಾತ್ರ ನಾನು ಅವರ ಬೆನ್ನಿಗೇ ಇದ್ದೆ. ಈಗ 150 ಟ್ರಾವೆಲ್‌ನ ಇನ್ನೊಂದು ಆರ್ಮ್ ಇದೇ ಮುಂಭಾಗಕ್ಕೆ ಕೂರುವಂತೆ ಮಾಡುತ್ತಿದ್ದೇನೆ. ಟ್ಯೂಬ್ ಕತ್ತರಿಸಿ ಆಗಿದೆ, ಚಾಚಾ ಹತ್ತಿರ ಶೆಲ್ ತಿರುವಲು ಕೊಟ್ಟಿದ್ದೇನೆ.