ಲಕ್ಷದ್ವೀಪದ ಕ್ರಮದಲ್ಲಿ ತೆಂಗಿನ ಹುರಿ ಹೊಸೆಯುವುದು

ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ಹುರಿ ಹಾಯಿದೋಣಿಯಲ್ಲಿ ಮಂಗಳೂರಿಗೆ ಬರುತ್ತಿತ್ತು, ಬದಲಿಗೆ ಅಕ್ಕಿ ಹೋಗುತ್ತಿತ್ತು. ಆ ದೋಣಿಗಳ ಹಲಗೆಗಳನ್ನು ಹೊಲಿಯುತ್ತಿದ್ದದ್ದೂ ತೆಂಗಿನ ಹುರಿಯಿಂದಲೇ. ಹೊಸೆಯುವ ಕೆಲಸ ಹೆಂಗಸರದು.

ಕಾಯಿಯನ್ನು ಅದು ಬೆಳೆಯುವ ಹತ್ತನೇ ತಿಂಗಳ ಸುಮಾರಿಗೆ, ಪೂರ್ತಿ ಒಣಗುವ ಮೊದಲೇ ಕೊಯ್ಯಿರಿ. ಮರದಲ್ಲೇ ಒಣಗಿದ ಕಾಯಿಯ ನಾರು ಒರಟು. ಅದನ್ನು ಹೆಚ್ಚು ಕಾಲ ನೆನೆಸಬೇಕು, ಬಣ್ಣವೂ ಕಪ್ಪಾಗುತ್ತದೆ.

ಉಬ್ಬರದ ನೀರು ದಿನವೂ ಬಂದುಹೋಗುವ ದಡದಲ್ಲಿ ಗುಂಡಿ ತೋಡಿ, ಸಿಪ್ಪೆಯನ್ನು ಒತ್ತೊತ್ತಾಗಿ ತುಂಬಿ, ಮೇಲೆ ಕಲ್ಲು ಹೇರಿ. ಕಲ್ಲು ಸಾಲದಿದ್ದರೆ ಸಿಪ್ಪೆ ತೇಲಿ ಚದುರಿಹೋಗುತ್ತದೆ. ನಿಂತ ನೀರಾಗಲಿ ಸಿಹಿನೀರಾಗಲಿ ಬೇಡ, ನಾರಿನ ಬಣ್ಣ ಕೆಡುತ್ತದೆ. ದ್ವೀಪದ ಹುರಿಯ ಹೊಂಬಣ್ಣಕ್ಕೆ ಕಾರಣ ಈ ತಿಳಿ ಉಪ್ಪುನೀರೇ. ಸುಮಾರು ಒಂದು ವರ್ಷ ಹಾಗೇ ಬಿಡಿ. ಬೇಗ ತೆಗೆದರೆ ಸಿಪ್ಪೆಯ ತಿರುಳು ನಾರನ್ನು ಬಿಡುವುದಿಲ್ಲ, ತಡವಾದರೆ ನಾರೇ ಶಕ್ತಿಗುಂದುತ್ತದೆ. ಇಲ್ಲಿ ಅವಸರ ಮಾಡಿದವರು ಮುಂದೆ ಎಷ್ಟು ಬಡಿದರೂ ಒಳ್ಳೆಯ ನಾರು ಸಿಗದು.

ತೆಗೆದ ಸಿಪ್ಪೆಯ ಹೊರಪದರ ಕಿತ್ತು, ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿಯಿರಿ. ಹೊಟ್ಟು ಉದುರಿದ ಮೇಲೆ ತೊಳೆದು, ಒಣಗಿಸಿ, ಕೈಯಿಂದ ಬಿಡಿಸಿ. ಹೊಟ್ಟು ಉಳಿದ ಕಡೆ ಹುರಿ ದಪ್ಪಗೆ ಕಾಣುತ್ತದೆ, ಆದರೆ ಎಳೆದರೆ ಮೊದಲು ಕಡಿಯುವುದು ಅಲ್ಲೇ.

ಈಗ ಹೊಸೆಯುವುದು. ಒಂದೇ ಗಾತ್ರದ ಎರಡು ಎಳೆ ನಾರನ್ನು ಅಂಗೈಗಳ ನಡುವೆ ಅಕ್ಕಪಕ್ಕ ಇಟ್ಟು ಒಂದೇ ದಿಕ್ಕಿಗೆ ಉಜ್ಜಿ. ಎರಡಕ್ಕೂ ಬಿಗಿ ಬಂದ ಮೇಲೆ ಕೂಡಿಸಿದರೆ, ಅವು ಎದುರು ದಿಕ್ಕಿಗೆ ತಾವೇ ಸುತ್ತಿಕೊಳ್ಳುತ್ತವೆ. ಎರಡು ತಿರುವುಗಳು ಒಂದನ್ನೊಂದು ತಡೆದು ಹಿಡಿಯುವುದರಿಂದಲೇ ಹುರಿ ಬಿಚ್ಚುವುದಿಲ್ಲ. ಎಳೆ ಸಣ್ಣಗಾಗುವ ಮೊದಲೇ ಹೊಸ ನಾರು ಸೇರಿಸಿ. ಎರಡೂ ಎಳೆಗೆ ಒಂದೇ ಜಾಗದಲ್ಲಿ ಸೇರಿಸಬೇಡಿ, ಆ ಜೋಡಣೆ ಜಾರುತ್ತದೆ. ಒಂದು ಎಳೆ ಬಿಗಿ, ಇನ್ನೊಂದು ಸಡಿಲವಾದರೆ ಸಡಿಲದ್ದು ಬಿಗಿಯಾದದ್ದರ ಮೇಲೆ ಬರೀ ಸುತ್ತಿಕೊಂಡು, ಭಾರವೆಲ್ಲ ಒಂದರ ಮೇಲೇ ಬೀಳುತ್ತದೆ. ಅಲ್ಲಿವರೆಗೆ ಬಿಚ್ಚಿ ಮತ್ತೆ ಹೊಸೆಯುವುದೇ ಸರಿ.

ಹಳೆಯ ಲೆಕ್ಕದಲ್ಲಿ ಮೂರು ದೊಡ್ಡ ಕಾಯಿಗೆ ಒಂದು ರಾತ್ತಲು, ಅಂದರೆ ಸುಮಾರು 450 ಗ್ರಾಂ ಹುರಿ, ಉದ್ದ 22 ಮಾರು. ಸಣ್ಣ ಕಾಯಿಯಾದರೆ ಹತ್ತು ಬೇಕು, ಆದರೆ ನಾರು ನಯವಾದ್ದರಿಂದ ಅಷ್ಟೇ ತೂಕಕ್ಕೆ 35 ಮಾರು ಬರುತ್ತದೆ. ಎರಡು ರಾತ್ತಲಿಗೆ ಒಂದು ಸೂಡಿ, 14 ಸೂಡಿಗೆ ಒಂದು ಮಣ. 560 ರಾತ್ತಲಿನ ಒಂದು ಮಂಗಳೂರು ಖಂಡಿಗೆ ಇಂಥ 5,600 ಸಣ್ಣ ಕಾಯಿಗಳ ಸಿಪ್ಪೆ ಬೇಕು.