ಸರ್ವರ್‌ನ ಡಿಸ್ಕ್ ತುಂಬಿದಾಗ: ಅಳಿಸುವ ಮೊದಲು ನೋಡಬೇಕಾದದ್ದು

ಲಿನಕ್ಸ್ ಸರ್ವರ್ ಒಂದರಲ್ಲಿ ಡೇಟಾಬೇಸ್ ಏಕಾಏಕಿ ನಿಂತುಹೋಗಿ, ಲಾಗ್‌ನಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಾಲು ಮತ್ತೆ ಮತ್ತೆ ಕಾಣಿಸಿಕೊಂಡರೆ, ಕಣ್ಣಿಗೆ ಬಿದ್ದ ದೊಡ್ಡ ಕಡತವನ್ನು ಅಳಿಸಿಬಿಡುವ ಆತುರ ಹುಟ್ಟುತ್ತದೆ. ಆ ಆತುರಕ್ಕೆ ಎಡೆಗೊಡಬಾರದು. ಈ ಒಂದೇ ಸಂದೇಶದ ಹಿಂದೆ ಹಲವು ಕಾರಣಗಳಿರಬಹುದು. ಕಾರಣ ತಿಳಿಯದೆ ಅಳಿಸಿದರೆ ಜಾಗವೂ ಸಿಗುವುದಿಲ್ಲ, ಕಾರಣವನ್ನು ಹೇಳಬಲ್ಲ ಲಾಗ್ ಕೂಡ ಕೈತಪ್ಪುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಹೆಚ್ಚಿನವುಗಳ ಆರಂಭದಲ್ಲಿ ‘ಸುಡೊ’ (ನಿರ್ವಾಹಕನ ಅಧಿಕಾರದಿಂದ ಆದೇಶ ನಡೆಸುವ ಪದ) ಬೇಕಾಗುತ್ತದೆ.)

ಮೊದಲು ‘ಡಿಎಫ್ -ಎಚ್’ ಕೊಟ್ಟು, ತುಂಬಿರುವುದು ಮೂಲ ವಿಭಾಗವೋ (‘/’), ‘/ವರ್’ ಇರುವ ವಿಭಾಗವೋ, ‘/ಬೂಟ್’ ಮಾತ್ರವೋ ಎಂಬುದನ್ನು ನೋಡಿಕೊಳ್ಳಿ. ಬಳಕೆಯಾದ ಜಾಗ ಮತ್ತು ಉಳಿದ ಜಾಗವನ್ನು ಕೂಡಿಸಿದರೆ ಒಟ್ಟು ಗಾತ್ರಕ್ಕೆ ಸರಿಹೊಂದದಿದ್ದರೆ ಗಾಬರಿ ಬೇಡ. ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದು (ಸರ್ವರ್‌ನ ಪೂರ್ಣ ಅಧಿಕಾರವುಳ್ಳ ನಿರ್ವಾಹಕನಿಗೆಂದು) ಕಾದಿರಿಸಿರುತ್ತದೆ. ಉಳಿದ ಪ್ರೋಗ್ರಾಂಗಳಿಗೆ ಡಿಸ್ಕ್ ತುಂಬಿದ ಮೇಲೂ ನಿಮಗೆ ಕೆಲಸ ಮಾಡಲು ಸಾಧ್ಯವಾಗುವುದು ಈ ಮೀಸಲಿನಿಂದಲೇ.

ಜಾಗ ಧಾರಾಳವಾಗಿ ಉಳಿದಿದ್ದೂ ಅದೇ ಸಂದೇಶ ಬರುತ್ತಿದ್ದರೆ ‘ಡಿಎಫ್ -ಐ’ ಕೊಡಿ. ಪ್ರತಿಯೊಂದು ಕಡತಕ್ಕೂ ಒಂದು ಐನೋಡ್ (ಕಡತದ ವಿವರಗಳನ್ನು ಇಟ್ಟುಕೊಳ್ಳುವ ದಾಖಲೆ) ಬೇಕು. ಇಎಕ್ಸ್‌ಟಿ4ನಲ್ಲಿ ಐನೋಡ್‌ಗಳ ಸಂಖ್ಯೆ ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ, ಸಾಮಾನ್ಯವಾಗಿ ಪ್ರತಿ 16 ಕೆಬಿಗೆ ಒಂದರಂತೆ. ಯಾವುದೋ ಡೈರೆಕ್ಟರಿಯಲ್ಲಿ ಲಕ್ಷಗಟ್ಟಲೆ ಪುಟ್ಟ ಸೆಷನ್ ಕಡತಗಳು ಕೂಡಿಕೊಂಡಿದ್ದರೆ ಐನೋಡ್ ಮುಗಿದುಹೋಗುತ್ತದೆ, ಆಗ ದೊಡ್ಡ ಕಡತಗಳನ್ನು ಎಷ್ಟು ಅಳಿಸಿದರೂ ಪ್ರಯೋಜನವಿಲ್ಲ. ‘ಡಿಯು --ಐನೋಡ್ಸ್’ ಆ ಡೈರೆಕ್ಟರಿಯನ್ನು ತೋರಿಸಿಕೊಡುತ್ತದೆ.

ನಿಜವಾಗಿಯೂ ಜಾಗವೇ ಮುಗಿದಿದ್ದರೆ ‘ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್’ ಬಳಸಿ. ಇಲ್ಲಿನ ‘ಎಕ್ಸ್’ ಬೇರೆ ವಿಭಾಗಗಳೊಳಗೆ ಇಣುಕದಂತೆ ತಡೆಯುತ್ತದೆ. ಪಟ್ಟಿಯ ಕೊನೆಯ ಸಾಲು ಒಟ್ಟು ಮೊತ್ತ, ಅತಿ ದೊಡ್ಡ ಡೈರೆಕ್ಟರಿ ಅದರ ಹಿಂದಿನ ಸಾಲಿನಲ್ಲಿ ಬರುತ್ತದೆ. ‘/’ ಬದಲು ಆ ಡೈರೆಕ್ಟರಿಯ ದಾರಿಯನ್ನು ಬರೆದು ಇದೇ ಆದೇಶವನ್ನು ಪುನಃ ಕೊಡುತ್ತಾ ಹೋದರೆ ಮೂಲ ಸಿಗುತ್ತದೆ.

ತಲೆ ಕೆಡಿಸುವುದು ‘ಡಿಎಫ್’ ಮತ್ತು ‘ಡಿಯು’ ಕೊಡುವ ಲೆಕ್ಕ ತಾಳೆಯಾಗದಿದ್ದಾಗ. ಉದಾಹರಣೆಗೆ, ‘ಡಿಎಫ್’ 40 ಜಿಬಿ ಬಳಕೆಯಾಗಿದೆ ಎನ್ನುತ್ತದೆ, ‘ಡಿಯು’ 22 ಜಿಬಿ ಮಾತ್ರ ಎಣಿಸುತ್ತದೆ. ಉಳಿದ 18 ಜಿಬಿ ಬಹುಮಟ್ಟಿಗೆ ಅಳಿಸಿದ, ಆದರೆ ಇನ್ನೂ ತೆರೆದೇ ಇರುವ ಕಡತದಲ್ಲಿರುತ್ತದೆ. ‘ಆರ್‌ಎಂ’ ಕಡತದ ಹೆಸರನ್ನಷ್ಟೇ ತೆಗೆಯುತ್ತದೆ, ಅದನ್ನು ತೆರೆದುಕೊಂಡ ಕೊನೆಯ ಪ್ರಕ್ರಿಯೆಯು ಮುಚ್ಚುವವರೆಗೂ ಜಾಗ ಬಿಡುಗಡೆಯಾಗುವುದಿಲ್ಲ. ‘ಎಲ್‌ಎಸ್‌ಒಎಫ್ +ಎಲ್1’ (ಇಲ್ಲಿ ಪ್ಲಸ್ ಚಿಹ್ನೆಯ ಮುಂದಿನ ಎಲ್ ದೊಡ್ಡಕ್ಷರ) ಅಂಥ ಕಡತಗಳನ್ನೂ ಅವನ್ನು ಹಿಡಿದುಕೊಂಡಿರುವ ಪ್ರಕ್ರಿಯೆಗಳನ್ನೂ ಪಟ್ಟಿ ಮಾಡುತ್ತದೆ. ಆ ಸರ್ವಿಸ್ಸನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಮರಳುತ್ತದೆ. ಬರೆಯುತ್ತಲೇ ಇರುವ ಲಾಗ್ ಕಡತವನ್ನು ಅಳಿಸುವ ಬದಲು, ಕೊನೆಯ ಸಾವಿರ ಸಾಲುಗಳನ್ನು ‘ಟೇಲ್’ ಮೂಲಕ ಬೇರೆ ವಿಭಾಗಕ್ಕೆ ಉಳಿಸಿಕೊಂಡು, ‘ಟ್ರಂಕೇಟ್ -ಎಸ್ 0’ ಎಂದು ಬರಿದು ಮಾಡುವುದೇ ಸರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಬರಿದು ಮಾಡಿದ ಮೇಲೂ ‘ಎಲ್‌ಎಸ್ -ಎಲ್’ ಹಳೆಯ ಗಾತ್ರವನ್ನೇ ತೋರಿಸಿದರೆ, ಆ ಪ್ರೋಗ್ರಾಂ ಕಡತದ ಹಳೆಯ ಸ್ಥಾನದಿಂದಲೇ ಬರವಣಿಗೆ ಮುಂದುವರಿಸಿದೆ ಎಂದರ್ಥ. ನಿಜವಾಗಿ ಆಕ್ರಮಿಸಿರುವ ಜಾಗವನ್ನು ‘ಡಿಯು’ ಹೇಳುತ್ತದೆ.

ಅಳಿಸಿದರೂ ತೆರೆದಿರುವ ಕಡತಗಳ ಆ ಪಟ್ಟಿಯಲ್ಲಿ ಏನೂ ಸಿಗದಿದ್ದರೆ, ಮೌಂಟ್ ಆದ (ಅಂದರೆ ಒಂದು ಡೈರೆಕ್ಟರಿಗೆ ಜೋಡಿಸಲಾದ) ಡಿಸ್ಕಿನ ಅಡಿಯಲ್ಲಿ ಹುಡುಕಬೇಕು. ಬ್ಯಾಕಪ್ ಡಿಸ್ಕ್ ಮೌಂಟ್ ಆಗದ ಹೊತ್ತಿನಲ್ಲಿ ಬ್ಯಾಕಪ್ ನಡೆದಿದ್ದರೆ ಕಡತಗಳು ಮೂಲ ವಿಭಾಗದಲ್ಲೇ ಕೂರುತ್ತವೆ, ಮುಂದೆ ಡಿಸ್ಕ್ ಮೌಂಟ್ ಆದಾಗ ಅದರ ಮರೆಯಲ್ಲಿ ಅಡಗಿಬಿಡುತ್ತವೆ. ‘ಮೌಂಟ್ --ಬೈಂಡ್’ ಬಳಸಿ ಮೂಲ ವಿಭಾಗವನ್ನು ಒಂದು ಖಾಲಿ ಡೈರೆಕ್ಟರಿಗೆ ಜೋಡಿಸಿದರೆ ಅವು ಹೊರಬೀಳುತ್ತವೆ.

ಸರ್ವಿಸ್‌ಗಳನ್ನು ನಿರ್ವಹಿಸುವ ಸಿಸ್ಟಂಡಿಯ ಜರ್ನಲ್ (ಅದರ ಲಾಗ್ ಸಂಗ್ರಹ) ಎಷ್ಟು ಜಾಗ ಹಿಡಿದಿದೆಯೆಂದು ‘ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್’ ತಿಳಿಸುತ್ತದೆ. ಅದು ತಾನಾಗಿಯೇ ವಿಭಾಗದ ಶೇ. 10ಕ್ಕೆ, ಗರಿಷ್ಠ 4 ಜಿಬಿಗೆ ಸೀಮಿತವಾಗಿರುತ್ತದೆ. ಚಿಕ್ಕ ಡಿಸ್ಕಿನಲ್ಲಿ ‘--ವ್ಯಾಕ್ಯೂಮ್-ಸೈಜ್=500ಎಂ’ ಕೊಟ್ಟು ಇಳಿಸಬಹುದು. ‘/ಬೂಟ್’ ತುಂಬಿದ್ದರೆ ಹಳೆಯ ಕರ್ನಲ್‌ಗಳನ್ನು ಕೈಯಾರೆ ಅಳಿಸಬೇಡಿ. ಡೆಬಿಯನ್, ಉಬುಂಟು ಸರ್ವರ್‌ಗಳಲ್ಲಿ ‘ಆಪ್ಟ್ ಆಟೋರಿಮೂವ್’ ಆ ಕೆಲಸ ಮಾಡುತ್ತದೆ. ‘/ವರ್/ಲಿಬ್/ಡಾಕರ್’ ಒಳಗೂ (ಕಂಟೇನರ್‌ಗಳನ್ನು ನಡೆಸುವ ಡಾಕರ್‌ನ ಡೈರೆಕ್ಟರಿ) ಕೈಹಾಕಬಾರದು, ಅದಕ್ಕೆ ಡಾಕರ್‌ನದೇ ‘ಪ್ರೂನ್’ ಆದೇಶಗಳಿವೆ.

ಜಾಗ ದೊರೆತ ಮೇಲೆ ‘ಸಿಸ್ಟಂಸಿಟಿಎಲ್ --ಫೇಲ್ಡ್’ ಕೊಟ್ಟು ನಿಂತುಹೋದ ಸರ್ವಿಸ್‌ಗಳನ್ನು ಮತ್ತೆ ಆರಂಭಿಸಿ. ತುಂಬಿದ್ದು ಲಾಗ್ ಕಡತದಿಂದಾಗಿದ್ದರೆ, ಲಾಗ್‌ಗಳನ್ನು ಕಾಲಕಾಲಕ್ಕೆ ತಿರುಗಿಸುವ (ಹಳೆಯದನ್ನು ಬದಿಗಿಟ್ಟು ಹೊಸದನ್ನು ಆರಂಭಿಸುವ) ಸಾಧನಕ್ಕೆ ‘ಲಾಗ್‌ರೊಟೇಟ್ -ಡಿ’ ಎಂದು ಅದರ ಸಂರಚನೆಯ ಕಡತವನ್ನು ಕೊಟ್ಟು ನೋಡಿ. ಇದು ಏನನ್ನೂ ಬದಲಿಸದೆ, ಯಾವ ಕಡತವನ್ನು ತಿರುಗಿಸುತ್ತಿತ್ತು, ಯಾವುದನ್ನು ಏಕೆ ಬಿಟ್ಟಿತು ಎಂಬುದನ್ನು ಮುದ್ರಿಸುತ್ತದೆ. ತಪ್ಪಿದ ಕಡತದ ದಾರಿಯನ್ನು ಅಲ್ಲಿ ಸೇರಿಸಿದರಾಯಿತು.